ದಪ್ಪ ಚಾಕೊಲೇಟ್ ಚಿಪ್ ಕುಕಿ: ಓವನ್‌ಗೂ ಮೊದಲು ಫ್ರಿಜ್ಜಿನ ಕೆಲಸ

ಮನೆಯಲ್ಲಿ ಕುಕಿ ಮಾಡುವವರ ದೂರು ಹೆಚ್ಚುಕಡಿಮೆ ಒಂದೇ. ಉಂಡೆ ಕಟ್ಟಿ ಟ್ರೇ ಮೇಲೆ ಇಟ್ಟಾಗ ಲಕ್ಷಣವಾಗಿ ಕೂತಿರುತ್ತವೆ. ಹತ್ತು ನಿಮಿಷ ಬಿಟ್ಟು ಓವನ್ನಿನ ಗಾಜಿನಲ್ಲಿ ಇಣುಕಿದರೆ ಎಲ್ಲವೂ ಕರಗಿ, ಒಂದಕ್ಕೊಂದು ಅಂಟಿಕೊಂಡು, ಟ್ರೇ ತುಂಬ ಚಪ್ಪಟೆಯಾಗಿ ಮಲಗಿರುತ್ತವೆ. ಆಮೇಲೆ ಓವನ್ನನ್ನು ಬೈಯುವುದು, ಸೋಡಾ ಹಳೆಯದು ಅನ್ನುವುದು, ಮುಂದಿನ ಸಲ ಒಂದಷ್ಟು ಮೈದಾ ಜಾಸ್ತಿ ಸುರಿಯುವುದು. ಜಾಸ್ತಿ ಮೈದಾ ಬಿದ್ದರೆ ಹರಡುವುದು ನಿಲ್ಲುತ್ತದೆ, ನಿಜ. ಆದರೆ ಒಳಗಿನ ಮೆತ್ತನೆಯೂ ಅದರ ಜೊತೆಗೇ ಹೋಗಿ, ಕೈಗೆ ಬರುವುದು ಒಣ ಬಿಸ್ಕತ್ತು.

ತಪ್ಪು ಬಹುಪಾಲು ಬೆಣ್ಣೆಯ ಬಿಸಿಯಲ್ಲಿರುತ್ತದೆ. ಈ ಕುಕಿಯ ವಿಧಾನಗಳೆಲ್ಲ ಹುಟ್ಟಿದ್ದು ಚಳಿ ದೇಶದಲ್ಲಿ. ಅಲ್ಲಿ 'ಕೋಣೆಯ ಉಷ್ಣತೆಯಲ್ಲಿರುವ ಬೆಣ್ಣೆ' ಅಂದರೆ ಸುಮಾರು 20 ಡಿಗ್ರಿ. ಮೈಸೂರಿನಲ್ಲಿ ಏಪ್ರಿಲ್ ಮಧ್ಯಾಹ್ನ ಹೊರಗೇ 35 ಡಿಗ್ರಿ ಮುಟ್ಟುತ್ತದೆ. ಒಲೆ ಉರಿಯುವ ಅಡುಗೆಮನೆಯಲ್ಲಿ ಇನ್ನೂ ಸ್ವಲ್ಪ ಮೇಲೆ. ಬೆಣ್ಣೆ ಪೂರ್ತಿ ಕರಗುವುದೂ ಹೆಚ್ಚುಕಡಿಮೆ ಅದೇ ಬಿಸಿಯಲ್ಲಿ. ಕಟ್ಟೆಯ ಮೇಲೆ ಅರ್ಧ ಗಂಟೆ ಇಟ್ಟ ಬೆಣ್ಣೆ ಓವನ್ನಿಗೆ ಹೋಗುವ ಮೊದಲೇ ಎಣ್ಣೆಯಾಗಿರುತ್ತದೆ. ಹಾಗಾಗಿ ಈ ಕುಕಿಯಲ್ಲಿ ದಪ್ಪ ಬರುವುದು ಫ್ರಿಜ್ಜಿನಿಂದ, ಒಳಗಿನ ಅಂಟಂಟು ಮೆತ್ತನೆ ಬರುವುದು ಬೇಗ ಹೊರಗೆ ತೆಗೆಯುವ ಧೈರ್ಯದಿಂದ. ಓವನ್ನಿನ ಪಾಲು ಇವೆರಡರ ನಡುವಿನ ಹನ್ನೆರಡು ನಿಮಿಷ ಅಷ್ಟೇ.

ಎತ್ತರದ ಬಗ್ಗೆಯೂ ಕೆಲವರು ಕೇಳುತ್ತಾರೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ, ಮಂಡ್ಯ ಇನ್ನೂ ಸ್ವಲ್ಪ ಕೆಳಗೆ. ಎತ್ತರದ ಊರುಗಳಿಗಾಗಿ ಸೋಡಾ, ಸಕ್ಕರೆ ಕಡಿಮೆ ಮಾಡುವ ಲೆಕ್ಕಗಳು ಸಾಮಾನ್ಯವಾಗಿ 900 ಮೀಟರ್ ದಾಟಿದ ಮೇಲೆ ಶುರುವಾಗುತ್ತವೆ. ನಮಗೆ ಅದರ ತಲೆಬಿಸಿ ಬೇಡ.

ಇದು ಎಲ್ಲಿಯ ತಿಂಡಿ?

ಚಾಕೊಲೇಟ್ ಚಿಪ್ ಕುಕಿಯ ಊರು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವಿಟ್ಮನ್. ಅಲ್ಲಿ ಟೋಲ್ ಹೌಸ್ ಇನ್ ಎಂಬ ಊಟದ ಮನೆ ನಡೆಸುತ್ತಿದ್ದ ರೂತ್ ವೇಕ್‌ಫೀಲ್ಡ್ 1930ರ ದಶಕದಲ್ಲಿ ಚಾಕೊಲೇಟನ್ನು ಚೂರು ಮಾಡಿ ಹಿಟ್ಟಿಗೆ ಸೇರಿಸಿ ಇದನ್ನು ಮಾಡಿದರು. ಅದು ತೆಳ್ಳಗಿನ, ಗರಿಗರಿ ಕುಕಿ. ನಾವು ಇಲ್ಲಿ ಮಾಡಹೊರಟಿರುವ, ಮುರಿದರೆ ಒಳಗೆ ಇನ್ನೂ ಹಸಿಹಸಿ ಅನ್ನಿಸುವ ದಪ್ಪ ಕುಕಿಗೆ ಹೆಸರು ತಂದದ್ದು 1995ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಲೆವೇನ್ ಬೇಕರಿ. ಅವರ ಒಂದು ಕುಕಿ ಸುಮಾರು 170 ಗ್ರಾಂ ತೂಗುತ್ತದೆ. ಮನೆಯ ಸಣ್ಣ ಓವನ್ನಿಗೆ ಅಷ್ಟು ದೊಡ್ಡದು ಒಗ್ಗುವುದಿಲ್ಲ. ಹೊರಗೆ ಸೀದು, ಒಳಗೆ ಹಿಟ್ಟಾಗಿಯೇ ಉಳಿಯುತ್ತದೆ. 85 ಗ್ರಾಂ ಸರಿಯಾದ ಅಳತೆ. ಅದೂ ಒಬ್ಬರು ತಿಂದು ಮುಗಿಸಲು ಧಾರಾಳವಾಯಿತು.

ಸಾಮಾನು (85 ಗ್ರಾಮಿನ 8 ಕುಕಿಗೆ)

ಉಪ್ಪಿಲ್ಲದ ಬೆಣ್ಣೆ 115 ಗ್ರಾಂ
ಕಂದು ಸಕ್ಕರೆ ಅಥವಾ ಬೆಲ್ಲದ ಪುಡಿ 100 ಗ್ರಾಂ
ಸಾದಾ ಸಕ್ಕರೆ 50 ಗ್ರಾಂ
ಮೊಟ್ಟೆ 1
ಮೈದಾ 190 ಗ್ರಾಂ
ಕಾರ್ನ್‌ಫ್ಲೋರ್ 10 ಗ್ರಾಂ
ಅಡುಗೆ ಸೋಡಾ ಅರ್ಧ ಟೀ ಚಮಚ
ಬೇಕಿಂಗ್ ಪೌಡರ್ ಅರ್ಧ ಟೀ ಚಮಚ
ಉಪ್ಪು ಅರ್ಧ ಟೀ ಚಮಚ
ವೆನಿಲ್ಲಾ ಎಸೆನ್ಸ್ ಒಂದು ಟೀ ಚಮಚ
ಚಾಕೊಲೇಟ್ 170 ಗ್ರಾಂ

ತೂಕದ ಯಂತ್ರ ಇಲ್ಲದಿದ್ದರೆ ಒಂದು ಸಣ್ಣ ಡಿಜಿಟಲ್ ತಕ್ಕಡಿ ಕೊಂಡುಬಿಡಿ. ಮೈದಾ ಡಬ್ಬಕ್ಕೆ ಲೋಟ ಅದ್ದಿ ಎತ್ತಿದರೆ ಒಂದು ಸಲ 120 ಗ್ರಾಂ ಬರುತ್ತದೆ, ಇನ್ನೊಂದು ಸಲ 150. ಸಾರು, ಪಲ್ಯಕ್ಕೆ ಕಣ್ಣಂದಾಜು ನಡೆಯುತ್ತದೆ; ಇಲ್ಲಿ 30 ಗ್ರಾಂ ಮೈದಾ ಹೆಚ್ಚಾದರೆ ಕುಕಿಯ ಜಾತಿಯೇ ಬದಲಾಗುತ್ತದೆ. ಸೋಡಾ, ಉಪ್ಪಿಗೆ ಮನೆಯ ಕಾಫಿ ಚಮಚ ಬೇಡ, 5 ಎಂಎಲ್ ಅಳತೆಯ ಚಮಚವನ್ನೇ ಬಳಸಿ, ಮೇಲೆ ಚಾಕುವಿನ ಬೆನ್ನಿನಿಂದ ಸಮ ಮಾಡಿ.

ಬೆಣ್ಣೆ, ಬೆಲ್ಲ, ಚಾಕೊಲೇಟ್: ಇಲ್ಲಿ ಅವಸರ ಬೇಡ

ನಂದಿನಿಯ ಉಪ್ಪಿಲ್ಲದ ಬೆಣ್ಣೆ ಈ ಕೆಲಸಕ್ಕೆ ಸಾಕು. ಹೊರದೇಶದ ದುಬಾರಿ ಬೆಣ್ಣೆಗೆ ದುಡ್ಡು ಸುರಿಯುವ ಅಗತ್ಯ ನನಗೆ ಕಾಣುವುದಿಲ್ಲ. ಬ್ರೆಡ್ಡಿಗೆ ಸವರುವ ಉಪ್ಪಿನ ಬೆಣ್ಣೆ ಮಾತ್ರ ಸಿಕ್ಕಿದರೆ ಅದೂ ಆದೀತು, ಪಟ್ಟಿಯಲ್ಲಿರುವ ಉಪ್ಪನ್ನು ಪೂರ್ತಿ ಬಿಟ್ಟುಬಿಡಿ. ಮನೆಯಲ್ಲಿ ಮೊಸರು ಕಡೆದು ತೆಗೆದ ಬೆಣ್ಣೆ ದೋಸೆ ಮೇಲೆ ಹಾಕಿಕೊಳ್ಳಲು ಸ್ವರ್ಗ, ಕುಕಿಗೆ ಬೇಡ: ಅದರಲ್ಲಿ ನೀರು ಎಷ್ಟಿದೆ ಎಂದು ಹೇಳಲಾಗದು, ಹುಳಿಯೂ ಇರುತ್ತದೆ. ತುಪ್ಪದಲ್ಲಿ ನೀರೇ ಇಲ್ಲ. ತುಪ್ಪ ಹಾಕಿದರೆ ನಿಮಗೆ ಸಿಗುವುದು ಬಾಯಲ್ಲಿ ಪುಡಿಯಾಗುವ ನಾನ್‌ಖಟಾಯಿ. ಅದೂ ಒಳ್ಳೆಯ ತಿಂಡಿಯೇ, ಆದರೆ ಬೇರೆ ತಿಂಡಿ. ಡಾಲ್ಡಾ ಹಾಕಿದವರ ಕುಕಿ ಎತ್ತರವಾಗಿ ನಿಲ್ಲುತ್ತದೆ, ತಿಂದ ಮೇಲೆ ಅಂಗುಳಿಗೆ ಮೇಣ ಮೆತ್ತಿಕೊಂಡಂತಿರುತ್ತದೆ.

ಇನ್ನು ಬೆಲ್ಲ. ಕಂದು ಸಕ್ಕರೆ ಅಂದರೆ ಸಕ್ಕರೆಗೆ ಕಾಕಂಬಿಯ ಅಂಶ ಉಳಿಸಿದ್ದು ಅಥವಾ ಮತ್ತೆ ಸೇರಿಸಿದ್ದು. ಆ ಕಾಕಂಬಿಯಲ್ಲಿರುವ ಗ್ಲೂಕೋಸ್, ಫ್ರಕ್ಟೋಸ್ ತೇವವನ್ನು ಹಿಡಿದಿಟ್ಟುಕೊಳ್ಳುತ್ತವೆ; ಕುಕಿ ಮಾರನೆಯ ದಿನವೂ ಮೆತ್ತಗಿರುವುದು ಅದರಿಂದ. ಕಾಕಂಬಿಗೆ ಸ್ವಲ್ಪ ಹುಳಿಯ ಗುಣವೂ ಇರುವುದರಿಂದ ಸೋಡಾ ಅದರೊಂದಿಗೆ ಸೇರಿ ಉಬ್ಬುತ್ತದೆ. ಬೆಲ್ಲದಲ್ಲಿ ಕಾಕಂಬಿ ಬೇರ್ಪಟ್ಟೇ ಇರುವುದಿಲ್ಲ, ಹಾಗಾಗಿ ಇವೆಲ್ಲ ಅದರಲ್ಲಿ ತಾನಾಗಿಯೇ ಇವೆ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಮೇಲೆ ಕಬ್ಬಿನ ಸೀಮೆಯಾದ ಊರು ಮಂಡ್ಯ. 1933ರಲ್ಲಿ ಮೈಷುಗರ್ ಕಾರ್ಖಾನೆ ಬಂದರೂ ಆಲೆಮನೆಗಳು ಉಳಿದುಕೊಂಡವು. ಅಂಥ ಊರಿನಲ್ಲಿ ಕೂತು ಸಣ್ಣ ಪ್ಯಾಕೆಟ್ಟಿನ ಕಂದು ಸಕ್ಕರೆಗೆ ದುಪ್ಪಟ್ಟು ದುಡ್ಡು ಕೊಡಲು ನನಗಂತೂ ಮನಸ್ಸಾಗುವುದಿಲ್ಲ.

ಆದರೆ ಎಲ್ಲ ಬೆಲ್ಲವೂ ಆಗದು. ನಾಲ್ಕು ವಿಷಯ ನೋಡಿಕೊಳ್ಳಿ. ಒಂದು, ಬಣ್ಣ ಕಪ್ಪಾದಷ್ಟೂ ಒಳ್ಳೆಯದು. ಹಳದಿಯಾಗಿ ಹೊಳೆಯುವ ಬೆಲ್ಲಕ್ಕೆ ಬಣ್ಣ ತಿಳಿಯಾಗಲೆಂದು ಹೈಡ್ರೋಸ್ ಎಂಬ ರಾಸಾಯನಿಕ ಹಾಕಿರುವ ಸಾಧ್ಯತೆ ಇರುತ್ತದೆ, ರುಚಿಯೂ ಪೇಲವ. ಎರಡು, ಒಂದು ಚೂರು ಬಾಯಿಗೆ ಹಾಕಿಕೊಳ್ಳಿ. ಚೌಳು ನೆಲದ ಕಬ್ಬಿನ ಬೆಲ್ಲ ಉಪ್ಪುಪ್ಪಾಗಿರುತ್ತದೆ. ಹಾಗಿದ್ದರೆ ಹಿಟ್ಟಿನ ಉಪ್ಪನ್ನು ಕಾಲು ಚಮಚಕ್ಕೆ ಇಳಿಸಿ. ಮೂರು, ಅಚ್ಚು ಬೆಲ್ಲವನ್ನು ಕುಟ್ಟಿದರೆ ಸಾಲದು. ಸಣ್ಣ ತುರಿಮಣೆಯಲ್ಲಿ ತುರಿದು, ಜರಡಿ ಹಿಡಿದು, ಕಸಕಡ್ಡಿ ಮತ್ತು ಗಂಟು ತೆಗೆಯಬೇಕು. ಉಳಿದ ಗಂಟು ಓವನ್ನಿನಲ್ಲಿ ಕರಗಿ ಕುಕಿಯ ತಳದಲ್ಲಿ ಪಾಕವಾಗಿ ಸೀಯುತ್ತದೆ. ನಾಲ್ಕು, ಪೂರ್ತಿ ಬೆಲ್ಲವನ್ನೇ ಹಾಕಲು ಹೋಗಬೇಡಿ. 50 ಗ್ರಾಂ ಸಾದಾ ಸಕ್ಕರೆ ಇದ್ದರೇ ಅಂಚು ಗರಿಯಾಗುವುದು, ಮೇಲ್ಮೈ ಬಿರಿಯುವುದು. ಅಂಗಡಿಯ ಒಣ ಬೆಲ್ಲದ ಪುಡಿ ಬಳಸಿದರೆ ಒಂದು ಟೀ ಚಮಚ ಹಾಲು ಹೆಚ್ಚಿಗೆ ಸೇರಿಸಿ, ಯಾಕೆಂದರೆ ಅದರ ತೇವವನ್ನು ಒಣಗಿಸಿ ತೆಗೆದಿರುತ್ತಾರೆ. ಬೆಲ್ಲದ ಕುಕಿ ಕಂದು ಸಕ್ಕರೆಯದಕ್ಕಿಂತ ಬೇಗ ಕೆಂಪಾಗುತ್ತದೆ ಎಂಬುದನ್ನೂ ನೆನಪಿಟ್ಟುಕೊಳ್ಳಿ.

ಚಾಕೊಲೇಟ್ ವಿಷಯದಲ್ಲಿ ಪ್ಯಾಕೆಟ್ಟಿನ ಹಿಂಭಾಗ ಓದದೆ ಕೊಳ್ಳಬೇಡಿ. ಬೇಕರಿ ಸಾಮಾನಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ದೊಡ್ಡ ಬಾರ್‌ಗಳು ಹೆಚ್ಚಾಗಿ ಕಾಂಪೌಂಡ್. ಕೋಕೋ ಬೆಣ್ಣೆಯ ಬದಲು ಅವುಗಳಲ್ಲಿ ವನಸ್ಪತಿ ಕೊಬ್ಬು ಇರುತ್ತದೆ. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಯಲ್ಲಿ, ಅಂದರೆ ಬಾಯಿಯ ಬಿಸಿಗೇ ಕರಗುತ್ತದೆ. ಕಾಂಪೌಂಡಿನ ಕೊಬ್ಬಿಗೆ ಆ ಗುಣ ಇಲ್ಲ, ಅದು ನಾಲಗೆಯ ಮೇಲೆ ಕೂತುಬಿಡುತ್ತದೆ. ಅಮುಲ್ ಡಾರ್ಕ್ ಆಗಲಿ, ನಮ್ಮದೇ ಪುತ್ತೂರಿನ ಕಾರ್ಖಾನೆಯಲ್ಲಿ ತಯಾರಾಗುವ ಕ್ಯಾಂಪ್ಕೋ ಡಾರ್ಕ್ ಆಗಲಿ ಕೊಂಡು, ಚಾಕುವಿನಲ್ಲಿ ಒರಟೊರಟಾಗಿ ಹೆಚ್ಚಿಕೊಳ್ಳಿ. ಒಂದು ಚೂರು ಹುಣಸೆ ಬೀಜದಷ್ಟು, ಇನ್ನೊಂದು ಅದರ ಎರಡರಷ್ಟು, ಜೊತೆಗೆ ಉದುರಿದ ಪುಡಿ. ಹೀಗೆ ಏರುಪೇರಾಗಿದ್ದರೇ ಚೆಂದ. ದೊಡ್ಡ ಚೂರು ಒಳಗೆ ಕರಗಿ ಮಡುವಾಗುತ್ತದೆ, ಪುಡಿ ಹಿಟ್ಟಿನಲ್ಲಿ ಸೇರಿಕೊಳ್ಳುತ್ತದೆ. ಚಿಪ್ಸ್ ಆಕಾರ ಉಳಿಸಿಕೊಳ್ಳಲೆಂದೇ ಮಾಡಿದ್ದು, ಅಷ್ಟು ಕರಗುವುದಿಲ್ಲ. ಹೆಸರಿಗಾಗಿ 50 ಗ್ರಾಂ ಚಿಪ್ಸ್, ಉಳಿದ 120 ಗ್ರಾಂ ಹೆಚ್ಚಿದ ಬಾರ್ ಎಂಬುದು ನನ್ನ ಲೆಕ್ಕ. ಬೇಸಿಗೆಯಲ್ಲಿ ಕೊಂಡ ಚಾಕೊಲೇಟಿನ ಮೇಲೆ ಬಿಳಿ ಪೊರೆ ಕಂಡರೆ ಎಸೆಯಬೇಡಿ. ಕರಗಿ ಮತ್ತೆ ಗಟ್ಟಿಯಾದಾಗ ಕೋಕೋ ಬೆಣ್ಣೆ ಮೇಲೆ ಬಂದಿರುತ್ತದೆ, ಅಷ್ಟೇ; ಬೇಯಿಸಿದ ಮೇಲೆ ಗೊತ್ತೂ ಆಗುವುದಿಲ್ಲ.

ಹಿಟ್ಟು ಕಲಸುವುದು

ಮೈದಾ, ಕಾರ್ನ್‌ಫ್ಲೋರ್, ಸೋಡಾ, ಬೇಕಿಂಗ್ ಪೌಡರ್, ಉಪ್ಪು ಎಲ್ಲವನ್ನೂ ಒಟ್ಟಿಗೆ ಜರಡಿ ಹಿಡಿದು ಪಕ್ಕಕ್ಕಿಡಿ. ಸೋಡಾ ಮೇಲೆ ಅನುಮಾನವಿದ್ದರೆ ಚಿಟಿಕೆ ಸೋಡಾಕ್ಕೆ ನಿಂಬೆರಸ ಹಿಂಡಿ. ಬುಸ್ ಎಂದು ನೊರೆ ಎದ್ದರೆ ಸರಿ. ಕಾರ್ನ್‌ಫ್ಲೋರ್ ಮೈದಾದ ಅಂಟಿನ ಜೋರನ್ನು ಕುಗ್ಗಿಸುತ್ತದೆ, ಆದ್ದರಿಂದ ಅದನ್ನು ಬಿಡಬೇಡಿ.

ಬೆಣ್ಣೆಯನ್ನು ಫ್ರಿಜ್ಜಿನಿಂದ ತೆಗೆದು ಸಣ್ಣ ಚೌಕಗಳಾಗಿ ಕತ್ತರಿಸಿ. ಬೇಸಿಗೆಯಾದರೆ ಹತ್ತು ನಿಮಿಷ ಹೊರಗಿರಲಿ, ಡಿಸೆಂಬರ್‌ನಲ್ಲಾದರೆ ಅರ್ಧ ಗಂಟೆ. ಹೆಬ್ಬೆರಳಿನಿಂದ ಒತ್ತಿದರೆ ಗುರುತು ಬೀಳಬೇಕು, ಆದರೆ ಮುಟ್ಟಿದರೆ ತಣ್ಣಗಿರಬೇಕು, ಬೆರಳಿಗೆ ಎಣ್ಣೆಯ ಹೊಳಪು ಅಂಟಬಾರದು. ಅಂಟಿತೋ, ಮತ್ತೆ ಫ್ರಿಜ್ಜಿಗೆ ಹಾಕಿ.

ಇದಕ್ಕೆ ಎರಡೂ ಸಕ್ಕರೆ ಸೇರಿಸಿ ಮರದ ಸೌಟಿನಲ್ಲೋ ಬೀಟರ್‌ನಲ್ಲೋ ಒಂದೆರಡು ನಿಮಿಷ ತಿಕ್ಕಿ ಬೆರೆಸಿ. ಕೇಕ್ ಮಾಡಿ ರೂಢಿಯಿದ್ದವರು ಇಲ್ಲಿ ಕೈ ತಡೆದುಕೊಳ್ಳಬೇಕು. ಬೆಣ್ಣೆ ಬೆಳ್ಳಗೆ, ಹಗುರವಾಗಿ ಉಬ್ಬುವ ತನಕ ಕಡೆದರೆ ಅದರೊಳಗೆ ಗಾಳಿ ಸೇರಿ, ಕುಕಿ ಕೇಕಿನ ಹಾದಿ ಹಿಡಿಯುತ್ತದೆ. ಸಕ್ಕರೆಯ ಹರಳು ಬೆರಳಿಗೆ ಸಿಗುತ್ತಿರುವಾಗಲೇ ನಿಲ್ಲಿಸಿ. ಫ್ರಿಜ್ಜಿನಿಂದ ನೇರವಾಗಿ ತೆಗೆದ ಮೊಟ್ಟೆ ಒಡೆದು ಹಾಕಿ, ವೆನಿಲ್ಲಾ ಹಾಕಿ, ಅರ್ಧ ನಿಮಿಷ ಬೆರೆಸಿ. ಸ್ವಲ್ಪ ಒಡೆದಂತೆ ಕಂಡರೂ ಚಿಂತೆಯಿಲ್ಲ, ಹಿಟ್ಟು ಬಿದ್ದ ಮೇಲೆ ಕೂಡಿಕೊಳ್ಳುತ್ತದೆ.

ಈಗ ಜರಡಿ ಹಿಡಿದ ಹಿಟ್ಟು. ಇದನ್ನು ನಾದಬಾರದು. ಚಪಾತಿ ಹಿಟ್ಟು ನಾದಿದ ಕೈಗೆ ನಾದುವ ಚಪಲ ಇದ್ದೇ ಇರುತ್ತದೆ, ಅದಕ್ಕೇ ಸೌಟು ಹಿಡಿದು ಕೆಳಗಿನಿಂದ ಮೇಲೆ ಮಗುಚಿ. ಅಲ್ಲಲ್ಲಿ ಬಿಳಿ ಪುಡಿ ಇನ್ನೂ ಕಾಣುತ್ತಿರುವಾಗಲೇ ಚಾಕೊಲೇಟ್ ಸುರಿದು, ನಾಲ್ಕಾರು ಸಲ ಮಗುಚಿ ಮುಗಿಸಿ. ಹದ ಹೇಗಿರಬೇಕೆಂದರೆ ತಂಬಿಟ್ಟಿನ ಉಂಡೆ ಕಟ್ಟುವ ಹಿಟ್ಟಿನ ಹಾಗೆ: ಹಿಡಿದರೆ ನಿಲ್ಲಬೇಕು, ಕೈಗೆ ಮೆತ್ತಬಾರದು.

ಹಸಿ ಹಿಟ್ಟನ್ನು ಮಕ್ಕಳು ಬೆರಳಲ್ಲಿ ತೆಗೆದು ನೆಕ್ಕುವುದುಂಟು. ಬಿಡಬೇಡಿ. ಹಸಿ ಮೊಟ್ಟೆಯಷ್ಟೇ ಅಲ್ಲ, ಹಸಿ ಮೈದಾದಲ್ಲೂ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು.

ಉಂಡೆ, ಮತ್ತೆ ಫ್ರಿಜ್

ಹಿಟ್ಟು ಗಟ್ಟಿಯಾದ ಮೇಲೆ ಉಂಡೆ ಕಟ್ಟುವುದು ಕಷ್ಟ, ಆದ್ದರಿಂದ ಮೊದಲೇ ಕಟ್ಟಿ. 85 ಗ್ರಾಂ ತೂಗಿ, ಅಂಗೈಯಲ್ಲಿ ಉರುಟಿ ನುಣ್ಣಗೆ ಮಾಡದೆ, ಒತ್ತೊತ್ತಿ ಒರಟಾಗಿ, ಅಗಲಕ್ಕಿಂತ ಎತ್ತರ ಹೆಚ್ಚಿರುವಂತೆ ನಿಲ್ಲಿಸಿ. ಒಂದು ಉಪಾಯ: ಉಂಡೆಯನ್ನು ಎರಡು ಭಾಗವಾಗಿ ಕಿತ್ತು, ಕಿತ್ತ ಒರಟು ಮುಖಗಳು ಮೇಲೆ ಬರುವಂತೆ ಮತ್ತೆ ಜೋಡಿಸಿ. ಬೆಂದಾಗ ಮೇಲ್ಮೈಯಲ್ಲಿ ಬೇಕರಿಯವರ ಹಾಗೆ ಏರುತಗ್ಗು ಬರುತ್ತದೆ. ಎರಡು ದೊಡ್ಡ ಚಾಕೊಲೇಟ್ ಚೂರುಗಳನ್ನು ಮೇಲೆ ಸಿಕ್ಕಿಸುವುದು ನೋಟಕ್ಕೆ.

ಇವನ್ನು ಮುಚ್ಚಳದ ಡಬ್ಬಿಯಲ್ಲಿ ಜೋಡಿಸಿ ಫ್ರಿಜ್ಜಿನಲ್ಲಿಡಿ. ಕನಿಷ್ಠ ಎರಡು ಗಂಟೆ. ರಾತ್ರಿಯಿಡೀ ಇಟ್ಟರೆ ಇನ್ನೂ ಉತ್ತಮ. ಮೂರು ದಿನದವರೆಗೂ ಇಡಬಹುದು. ತಣ್ಣಗಿನ ಬೆಣ್ಣೆ ಓವನ್ನಿನಲ್ಲಿ ಕರಗಲು ತಡವಾಗುತ್ತದೆ, ಅಷ್ಟರಲ್ಲಿ ಹೊರಗಿನ ಹಿಟ್ಟು ಬೆಂದು ಗೋಡೆ ಕಟ್ಟಿಕೊಳ್ಳುತ್ತದೆ, ಕುಕಿ ಹರಡಲು ಜಾಗ ಸಿಗುವುದಿಲ್ಲ. ಇದು ಒಂದು ಲಾಭ. ಇನ್ನೊಂದು ರುಚಿಯದು: ಹೊತ್ತು ಕಳೆದಂತೆ ಮೈದಾ ಮೊಟ್ಟೆಯ ತೇವವನ್ನು ಪೂರ್ತಿ ಹೀರಿಕೊಂಡು, ಹಸಿ ಹಿಟ್ಟಿನ ವಾಸನೆ ಇಳಿದು, ಬೆಲ್ಲದ ರುಚಿ ಮುಂದೆ ಬರುತ್ತದೆ. ಕಲಸಿದ ದಿನ ಮಾಡಿದ್ದಕ್ಕೂ ಮಾರನೆಯ ದಿನ ಮಾಡಿದ್ದಕ್ಕೂ ಎಷ್ಟು ವ್ಯತ್ಯಾಸ ಎಂದರೆ, ಸಂಜೆಗೆ ಅತಿಥಿಗಳು ಬರುವುದಿದ್ದರೆ ಹಿಂದಿನ ರಾತ್ರಿಯೇ ಕಲಸಿಡಿ ಎಂದು ಹೇಳುತ್ತೇನೆ. ಫ್ರಿಜ್ಜಿನಲ್ಲಿ ಹುಳಿ ಹಿಟ್ಟು, ಹೆಚ್ಚಿದ ಈರುಳ್ಳಿ ಇದ್ದರೆ ಡಬ್ಬಿ ಬಿಗಿಯಾಗಿರಲಿ. ಬೆಣ್ಣೆ ಎಲ್ಲ ವಾಸನೆಯನ್ನೂ ಎಳೆದುಕೊಳ್ಳುತ್ತದೆ.

ಫ್ರೀಜರ್‌ನಲ್ಲಾದರೆ ಎರಡು ತಿಂಗಳು ಇರುತ್ತವೆ. ಬೇಕೆನಿಸಿದಾಗ ಎರಡೇ ಎರಡು ತೆಗೆದು ಬೇಯಿಸಿಕೊಳ್ಳಬಹುದು. ಮಂಜುಗಟ್ಟಿದ್ದನ್ನು ಕರಗಿಸದೆ ನೇರವಾಗಿ ಓವನ್ನಿಗಿಡಿ, 190 ಡಿಗ್ರಿಯಲ್ಲಿ ಮೂರು ನಿಮಿಷ ಜಾಸ್ತಿ ಕೊಡಿ.

ಓವನ್ನಿನ ಹನ್ನೆರಡು ನಿಮಿಷ

ಓಟಿಜಿಯನ್ನು (ಮನೆಯ ಸಣ್ಣ ಕರೆಂಟ್ ಓವನ್) 200 ಡಿಗ್ರಿಗೆ ಇಟ್ಟು, ಮೇಲಿನ ಮತ್ತು ಕೆಳಗಿನ ಎರಡೂ ಕಡ್ಡಿ ಉರಿಯುವಂತೆ ಮಾಡಿ, ಪೂರ್ತಿ 15ರಿಂದ 20 ನಿಮಿಷ ಕಾಯಿಸಿ. ದೀಪ ಆರಿದ ಕೂಡಲೇ ಕಾಯ್ದಿದೆ ಎಂದುಕೊಳ್ಳಬೇಡಿ. ಗಾಳಿ ಕಾಯ್ದಿರುತ್ತದೆ, ಗೋಡೆಗಳು ಕಾಯ್ದಿರುವುದಿಲ್ಲ; ಬಾಗಿಲು ತೆಗೆದರೆ ಬಿಸಿಯೆಲ್ಲ ಆಚೆ. ಸಣ್ಣ ಓವನ್‌ಗಳ ಗುಂಡಿ ತೋರಿಸುವ ಅಂಕಿಗೂ ಒಳಗಿನ ಬಿಸಿಗೂ ಹತ್ತಿಪ್ಪತ್ತು ಡಿಗ್ರಿ ವ್ಯತ್ಯಾಸ ಮಾಮೂಲು. ಒಳಗೆ ನೇತುಹಾಕುವ ಓವನ್ ಥರ್ಮಾಮೀಟರ್ ಒಂದಿದ್ದರೆ ಈ ತಲೆನೋವು ಹೋಗುತ್ತದೆ. ಅಂದಹಾಗೆ 1500 ವಾಟ್ ಎಳೆಯುವ ಓಟಿಜಿಯನ್ನು ಮಿಕ್ಸಿಯ ಪ್ಲಗ್ಗಿಗೆ ಎಕ್ಸ್‌ಟೆನ್ಷನ್ ವೈರಿನಲ್ಲಿ ಸಿಕ್ಕಿಸಬೇಡಿ, ಪವರ್ ಪ್ಲಗ್ಗೇ ಬೇಕು.

ಟ್ರೇಗೆ ಹಾಸಲು ಬೇಕಿಂಗ್ ಪಾರ್ಚ್‌ಮೆಂಟ್ ಕೊಳ್ಳಿ. ಬಟರ್ ಪೇಪರ್ ಎಂದು ಕೊಡುವುದರಲ್ಲಿ ಎರಡು ಬಗೆ ಇದೆ: ಸಿಲಿಕೋನ್ ಲೇಪ ಇರುವುದು ಓವನ್ನಿಗೆ ನಡೆಯುತ್ತದೆ, ತಿಂಡಿ ಸುತ್ತಿ ಕೊಡುವ ಸಾದಾ ಹಾಳೆ ಕುಕಿಯ ತಳಕ್ಕೆ ಅಂಟಿ ಕಿತ್ತು ಬರುತ್ತದೆ. ಪ್ಯಾಕೆಟ್ ಮೇಲೆ ಎಷ್ಟು ಡಿಗ್ರಿ ತಡೆಯುತ್ತದೆ ಎಂದು ಬರೆದಿದ್ದರೆ ನಂಬಬಹುದು.

ತಣ್ಣಗಿನ ಟ್ರೇ ಮೇಲೆ ನಾಲ್ಕೇ ಉಂಡೆ ದೂರ ದೂರ ಇಟ್ಟು, ನಡುವಿನ ಅಂತಸ್ತಿಗೆ ತಳ್ಳಿ. ಉಳಿದ ನಾಲ್ಕು ಫ್ರಿಜ್ಜಿನಲ್ಲೇ ಇರಲಿ. 11 ನಿಮಿಷಕ್ಕೆ ಮೊದಲ ಸಲ ನೋಡಿ. ಅಂಚು ಹೊಂಬಣ್ಣಕ್ಕೆ ತಿರುಗಿ ಗಟ್ಟಿಯಾಗಿರಬೇಕು, ಮೇಲ್ಭಾಗದ ಹೊಳಪು ಹೋಗಿರಬೇಕು, ನಡುವೆ ಮಾತ್ರ ಇನ್ನೂ ಪೇಲವವಾಗಿ, ಮುಟ್ಟಿದರೆ ತಗ್ಗುವಂತಿರಬೇಕು. ಆಗಲೇ ತೆಗೆಯಿರಿ. 13 ನಿಮಿಷ ದಾಟುವುದು ಅಪರೂಪ. 'ಅಯ್ಯೋ, ಬೆಂದೇ ಇಲ್ಲ' ಎಂದು ಅಮ್ಮನೋ ಅತ್ತೆಯೋ ಪಕ್ಕದಲ್ಲಿ ನಿಂತು ಹೇಳುತ್ತಾರೆ. ಅವರ ಮಾತಿಗೆ ಇನ್ನೈದು ನಿಮಿಷ ಇಟ್ಟರೆ ಸಂಜೆಗೆ ಕಲ್ಲಾಗುತ್ತದೆ. ಚುಚ್ಚುವ ಥರ್ಮಾಮೀಟರ್ ಇದ್ದವರು ನಡುಭಾಗ 80 ಡಿಗ್ರಿ ತೋರಿಸಿದಾಗ ನಿಲ್ಲಿಸಬಹುದು. ಅಷ್ಟು ಬಿಸಿಗೆ ಮೊಟ್ಟೆಯೂ ಬೆಂದಿರುತ್ತದೆ, ಅಂಟಂಟೂ ಉಳಿದಿರುತ್ತದೆ.

ತೆಗೆದ ಕೂಡಲೇ ಕುಕಿಗಿಂತ ಅಗಲದ ಲೋಟವನ್ನು ಬೋರಲು ಹಾಕಿ, ಕುಕಿಯ ಸುತ್ತ ಗರಗರ ತಿರುಗಿಸಿದರೆ ಅಂಚು ದುಂಡಗಾಗುತ್ತದೆ, ದಪ್ಪವೂ ಒಂದಿಷ್ಟು ಒಳಕ್ಕೆ ಕೂಡಿಕೊಳ್ಳುತ್ತದೆ. ಕುಟ್ಟಿದ ಕಲ್ಲುಪ್ಪು ನಾಲ್ಕು ಹರಳು ಮೇಲೆ ಉದುರಿಸಿ. ಆಮೇಲೆ ಟ್ರೇ ಮೇಲೆಯೇ 25 ನಿಮಿಷ ಮುಟ್ಟದೆ ಬಿಡಿ. ಬಿಸಿ ಟ್ರೇ ನಡುಭಾಗವನ್ನು ಇನ್ನೂ ಬೇಯಿಸುತ್ತಿರುತ್ತದೆ. ಆಗಲೇ ಎತ್ತಲು ಹೋದರೆ ಮುರಿದು ಬೀಳುತ್ತದೆ. ಎರಡನೆಯ ಸುತ್ತಿಗೆ ಟ್ರೇಯನ್ನು ನಲ್ಲಿ ನೀರಿನಲ್ಲಿ ತಣ್ಣಗೆ ಮಾಡಿ ಒರೆಸಿಕೊಳ್ಳಿ. ಬಿಸಿ ಟ್ರೇ ಮೇಲೆ ಇಟ್ಟ ಉಂಡೆ ಅಲ್ಲೇ ಕರಗಲು ಶುರುವಾಗುತ್ತದೆ.

ಕನ್ವೆಕ್ಷನ್ ಮೈಕ್ರೋವೇವ್ ಇದ್ದವರು ಕನ್ವೆಕ್ಷನ್ ಮೋಡಿನಲ್ಲಿ ಮಾತ್ರ ಮಾಡಿ, ಬಿಸಿ 190ಕ್ಕೆ ಇಳಿಸಿ, ಯಾಕೆಂದರೆ ಫ್ಯಾನಿನ ಗಾಳಿ ಬೇಗ ಒಣಗಿಸುತ್ತದೆ.

ನಡುವೆ ಕರೆಂಟ್ ಹೋದರೆ? ಮನೆಯ ಸಾಮಾನ್ಯ ಇನ್ವರ್ಟರ್ ಓವನ್ನನ್ನು ಎಳೆಯುವುದಿಲ್ಲ. ಏಳೆಂಟು ನಿಮಿಷ ಬೆಂದ ಮೇಲೆ ಹೋಗಿದ್ದರೆ ಬಾಗಿಲು ತೆರೆಯದೆ ಹಾಗೇ ಬಿಡಿ, ಒಳಗಿನ ಬಿಸಿಯಲ್ಲೇ ಹತ್ತು ನಿಮಿಷದಲ್ಲಿ ಆಗಿಬಿಡುತ್ತದೆ. ಇಟ್ಟು ಎರಡು ನಿಮಿಷಕ್ಕೇ ಹೋಗಿದ್ದರೆ ಟ್ರೇ ಸಮೇತ ತೆಗೆದು, ಸ್ವಲ್ಪ ಆರಿದ ಮೇಲೆ ಫ್ರಿಜ್ಜಿಗೆ ಸೇರಿಸಿ.

ಮೊಟ್ಟೆ ಬೇಡದ ಮನೆಗೆ

ಮೈಸೂರಿನ ಎಷ್ಟೋ ಅಡುಗೆಮನೆಗಳಿಗೆ ಮೊಟ್ಟೆ ಬರುವುದೇ ಇಲ್ಲ. ಅಲ್ಲಿ ಒಂದು ಮೊಟ್ಟೆಯ ಬದಲು ಮೂರು ಟೇಬಲ್ ಚಮಚ ಕಂಡೆನ್ಸ್ಡ್ ಮಿಲ್ಕ್, ಒಂದು ಟೇಬಲ್ ಚಮಚ ಹಾಲು. ಸಾದಾ ಸಕ್ಕರೆಯನ್ನು 25 ಗ್ರಾಮಿಗೆ ಇಳಿಸಿ. ಹಾಲಿನ ಅಂಶದಿಂದ ಬೇಗ ಕೆಂಪಾಗುತ್ತದೆ, ಹಾಗಾಗಿ 190 ಡಿಗ್ರಿ ಸಾಕು. ಮೊಸರು ಹಾಕುವ ಪದ್ಧತಿಯೂ ಉಂಟು. ಮಾಡಬಹುದು, ಆದರೆ ಕೇಕಿನ ಕಡೆ ವಾಲುತ್ತದೆ. ಬಾಳೆಹಣ್ಣು ಹಾಕಿದರೆ ಬರೀ ಬಾಳೆಹಣ್ಣಿನದೇ ರುಚಿ.

ಇನ್ನೊಂದು ಬದಲಾವಣೆ ನನಗೆ ಬಹಳ ಇಷ್ಟ. 190 ಗ್ರಾಂ ಮೈದಾದಲ್ಲಿ 40 ಗ್ರಾಂ ತೆಗೆದು ಅಷ್ಟೇ ರಾಗಿ ಹಿಟ್ಟು ಹಾಕುವುದು. ಮೊದಲು ರಾಗಿ ಹಿಟ್ಟನ್ನು ಬಾಣಲೆಯಲ್ಲಿ ಘಮ ಬರುವ ತನಕ ಹುರಿದು ಪೂರ್ತಿ ಆರಿಸಬೇಕು. ಬೆಲ್ಲ, ರಾಗಿ, ಕಹಿ ಚಾಕೊಲೇಟ್ ಮೂರೂ ಒಂದಕ್ಕೊಂದು ಹೊಂದುತ್ತವೆ. ರಾಗಿಯಲ್ಲಿ ಅಂಟು ಇಲ್ಲದ್ದರಿಂದ 40 ಗ್ರಾಂ ಮೀರಿದರೆ ಕುಕಿ ಉದುರುತ್ತದೆ. ಈ ಹಿಟ್ಟಿಗೆ ರಾತ್ರಿಯಿಡೀ ಫ್ರಿಜ್ ಬೇಕೇ ಬೇಕು.

ಓವನ್ ಇಲ್ಲದಿದ್ದರೆ

ದಪ್ಪ ತಳದ ಹಳೆಯ ಪಾತ್ರೆ ಅಥವಾ ಕಬ್ಬಿಣದ ಬಾಣಲೆಯಲ್ಲಿ ಒಂದು ಪದರ ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, ಬಿಗಿಯಾಗಿ ಮುಚ್ಚಿ, ಮಧ್ಯಮ ಉರಿಯಲ್ಲಿ 15 ನಿಮಿಷ ಕಾಯಿಸಿ. ಉಂಡೆಗಳು 45 ಗ್ರಾಮಿಗಿಂತ ದೊಡ್ಡದಿರಬಾರದು. ತಟ್ಟೆಯಲ್ಲಿ ಮೂರು ಇಟ್ಟು, ಉರಿ ಸಣ್ಣಗೆ ಮಾಡಿ, 18 ನಿಮಿಷ. ತಳ ಕೆಂಪಾಗುತ್ತದೆ, ಮೇಲೆ ಬಣ್ಣ ಬರುವುದಿಲ್ಲ. ಬಣ್ಣಕ್ಕಾಗಿ ಕಾಯುತ್ತಾ ಕೂತರೆ ತಳ ಸೀಯುತ್ತದೆ. ರುಚಿಗೇನೂ ಕೊರತೆಯಿಲ್ಲ. ನಾನ್‌ಸ್ಟಿಕ್ ಪಾತ್ರೆಯನ್ನು ಹೀಗೆ ಬರಿದೇ ಕಾಯಿಸಬೇಡಿ.

ಎಲ್ಲಿ ಕೆಟ್ಟಿತು?

ಹರಡಿದ್ದರೆ ಹಿಟ್ಟು ತಣ್ಣಗಿರಲಿಲ್ಲ, ಇಲ್ಲವೇ ಓವನ್ ಕಾಯ್ದಿರಲಿಲ್ಲ. ಉಂಡೆ ಉಂಡೆಯಾಗಿಯೇ ಉಳಿದು ಒಣಗಿದ್ದರೆ ಮೈದಾ ಹೆಚ್ಚಾಗಿದೆ. ಮಿಕ್ಕ ಉಂಡೆಗಳ ನೆತ್ತಿಯನ್ನು ಬೆರಳಿನಿಂದ ಸ್ವಲ್ಪ ಒತ್ತಿ ಇಡಿ. ತಳ ಕಪ್ಪಾಗಿ ಮೇಲೆ ಹಸಿಯಾಗಿದ್ದರೆ ಟ್ರೇ ಕೆಳಗಿನ ಕಡ್ಡಿಗೆ ಹತ್ತಿರವಿದೆ. ಒಂದು ಅಂತಸ್ತು ಮೇಲೇರಿಸಿ, ಅಥವಾ ಎರಡು ಟ್ರೇ ಒಂದರ ಮೇಲೊಂದು ಇಡಿ. ಸೋಪಿನ ಹಾಗೆ ಒಗರಿದ್ದರೆ ಸೋಡಾದ ಅಳತೆ ಮೀರಿದೆ. ಇದಕ್ಕೆ ಮದ್ದಿಲ್ಲ.

ಇಡುವುದು, ಕಳಿಸುವುದು

ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಮೂರು ದಿನ ಚೆನ್ನಾಗಿರುತ್ತವೆ. ಜೊತೆಗೆ ಅರ್ಧ ತುಂಡು ಬ್ರೆಡ್ ಹಾಕಿಟ್ಟರೆ ಅದರ ತೇವ ಕುಕಿಗೆ ಬರುತ್ತದೆ, ಬ್ರೆಡ್ ಒಣಗುತ್ತದೆ. ಬೇಸಿಗೆಯಲ್ಲಿ ಇರುವೆಯ ಕಾಟವಿದ್ದರೆ ಡಬ್ಬಿಯನ್ನು ನೀರು ತುಂಬಿದ ತಟ್ಟೆಯ ನಡುವೆ ಒಂದು ಬಟ್ಟಲು ಬೋರಲು ಹಾಕಿ ಅದರ ಮೇಲಿಡಿ. ಮಾರನೆಯ ದಿನ ತಿನ್ನುವ ಮೊದಲು ಮೈಕ್ರೋವೇವಿನಲ್ಲಿ ಹತ್ತು ಸೆಕೆಂಡ್, ಅಥವಾ ಸಣ್ಣ ಉರಿಯ ತವೆಯ ಮೇಲೆ ಮುಚ್ಚಿ ಎರಡು ನಿಮಿಷ ಇಟ್ಟರೆ ಚಾಕೊಲೇಟ್ ಮತ್ತೆ ಕರಗುತ್ತದೆ. ಕಾಫಿ ಕುಡಿಯುವವರಿಗೆ ಸಕ್ಕರೆ ಕಡಿಮೆ ಹಾಕಿದ ಡಿಕಾಕ್ಷನ್ ಕಾಫಿ ಇದರ ಜೊತೆಗಿರಲಿ, ಸಿಹಿಯ ಮೇಲೆ ಸಿಹಿ ಬೇಡ.

ಬೆಂಗಳೂರಿನಲ್ಲಿ ಓದುತ್ತಿರುವ ಮಕ್ಕಳಿಗೆ ರೈಲಿನಲ್ಲೋ ಬಸ್ಸಿನಲ್ಲೋ ಕಳಿಸುವವರಿದ್ದೀರಿ. ಬೆಂದ ದಿನವೇ ಕಟ್ಟಬೇಡಿ. ಒಳಗಿನ ಚಾಕೊಲೇಟ್ ಗಟ್ಟಿಯಾಗಲು ಆರೇಳು ಗಂಟೆ ಬೇಕು, ಮಂಡ್ಯ ದಾಟುವಷ್ಟರಲ್ಲಿ ಎಲ್ಲ ಸೇರಿ ಒಂದೇ ಮುದ್ದೆಯಾಗಿರುತ್ತದೆ. ರಾತ್ರಿ ಮಾಡಿ, ಬೆಳಗ್ಗೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಎರಡೆರಡನ್ನು ಬೆನ್ನಿಗೆ ಬೆನ್ನು ಹಚ್ಚಿ ಪಾರ್ಚ್‌ಮೆಂಟಿನಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿ ನಿಲ್ಲಿಸಿ ಕಳಿಸಿ. ಏಪ್ರಿಲ್, ಮೇ ತಿಂಗಳಾದರೆ ಬೆಳಗಿನ ಮೊದಲ ಗಾಡಿಗೇ ಕೊಡಿ.